191 ದೊಡ್ಡದೋ, 110 ದೊಡ್ಡದೋ?

ಮಾನ್ಯರೇ,

ಸಂಶೋಧಕರ ಸಾಧನೆಯನ್ನು ಅಳೆಯುವ ಬಗೆ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಒಬ್ಬರ ಪ್ರಬಂಧಗಳನ್ನು ಬೇರೆ ಪ್ರಬಂಧಗಳು ಎಷ್ಟು ಬಾರಿ ಉಲ್ಲೇಖಿಸಿವೆ ಎಂಬುದರಿಂದ ಲೆಕ್ಕಹಾಕುವ ಅಂಕಿ ಎಚ್-ಸೂಚ್ಯಂಕ. ಭೌತವಿಜ್ಞಾನಿ ಎಡ್ವರ್ಡ್ ವಿಟ್ಟನ್ ಅವರ ಈ ಸೂಚ್ಯಂಕ 110, ನರವಿಜ್ಞಾನಿ ಸಾಲೊಮನ್ ಸ್ನೈಡರ್ ಅವರದು 191 ಎಂದು ಒಂದೇ ಪಟ್ಟಿಯಲ್ಲಿ ಅಚ್ಚುಮಾಡಿ, ಸ್ನೈಡರ್ ಬಹಳ ಮುಂದಿದ್ದಾರೆ ಎಂದು ಅದರ ಕೆಳಗೆ ಬರೆದಿದ್ದೆವು. ಹಾಗಾದರೆ ವಿಟ್ಟನ್ ಅವರ ಕೆಲಸ ಅಷ್ಟು ಕಿರಿದೇ ಎಂದು ತಾವು ಕೇಳಿದ್ದೀರಿ. ಖಂಡಿತ ಅಲ್ಲ. ಅಂಕಿಗಳು 2005ರ ಮಟ್ಟಿಗೆ ಸರಿಯಾಗಿವೆ, ಆ ವರ್ಷ ಈ ಸೂಚ್ಯಂಕವನ್ನು ರೂಪಿಸಿದ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ತಮ್ಮ ಪ್ರಬಂಧದಲ್ಲಿಯೇ ಅವನ್ನು ಕೊಟ್ಟಿದ್ದಾರೆ. ಆದರೆ ಜೀವವಿಜ್ಞಾನಿಗಳ ಸೂಚ್ಯಂಕ ಭೌತವಿಜ್ಞಾನಿಗಳದಕ್ಕಿಂತ ಸಾಮಾನ್ಯವಾಗಿ ಹೆಚ್ಚಿರುತ್ತದೆ ಎಂದು ಅವರು ಅಲ್ಲೇ ಹೇಳಿದ್ದ ಮಾತನ್ನು ನಾವು ಬಿಟ್ಟುಬಿಟ್ಟೆವು. ತಪ್ಪು ನಮ್ಮದು.

ಲೆಕ್ಕ ಹೀಗಿದೆ. ಒಬ್ಬರ ಎಷ್ಟು ಪ್ರಬಂಧಗಳಿಗೆ ಕನಿಷ್ಠ ಅಷ್ಟೇ ಉಲ್ಲೇಖಗಳು ಬಂದಿವೆಯೋ, ಅಂಥ ಅತಿ ದೊಡ್ಡ ಸಂಖ್ಯೆಯೇ ಸೂಚ್ಯಂಕ. ಒಬ್ಬರ ಆರು ಪ್ರಬಂಧಗಳಿಗೆ ಕ್ರಮವಾಗಿ 50, 20, 9, 5, 4, 1 ಉಲ್ಲೇಖಗಳು ಬಂದಿವೆ ಎನ್ನೋಣ. ಕನಿಷ್ಠ ನಾಲ್ಕು ಉಲ್ಲೇಖ ಪಡೆದ ನಾಲ್ಕು ಪ್ರಬಂಧಗಳು ಇಲ್ಲಿವೆ, ಕನಿಷ್ಠ ಐದು ಪಡೆದ ಐದು ಇಲ್ಲ. ಆದ್ದರಿಂದ ಸೂಚ್ಯಂಕ 4. ಮೊದಲನೆಯದಕ್ಕೆ 50ರ ಬದಲು ಐದು ಸಾವಿರ ಉಲ್ಲೇಖ ಬಂದಿದ್ದರೂ ಅದು 4 ಆಗಿಯೇ ಉಳಿಯುತ್ತದೆ. ಒಂದೇ ಒಂದು ಪ್ರಬಂಧದಿಂದ ತನ್ನ ಶಾಸ್ತ್ರದ ದಿಕ್ಕನ್ನೇ ತಿರುಗಿಸಿದವರನ್ನು ಈ ಅಳತೆಗೋಲು ಗುರುತಿಸಲಾರದು.

ಇನ್ನು ಕ್ಷೇತ್ರಗಳ ನಡುವಿನ ವ್ಯತ್ಯಾಸ. ಜೀವವಿಜ್ಞಾನದಲ್ಲಿ ಸಂಶೋಧಕರ ಸಂಖ್ಯೆ ದೊಡ್ಡದು, ಪ್ರತಿ ಪ್ರಬಂಧದ ಕೊನೆಯ ಉಲ್ಲೇಖಪಟ್ಟಿಯೂ ಉದ್ದ. ಹೀಗಾಗಿ ಅಲ್ಲಿ ಹಂಚಿಹೋಗುವ ಉಲ್ಲೇಖಗಳೇ ಹೆಚ್ಚು. ಗಣಿತಕ್ಕೆ ಹತ್ತಿರವಾದ ಸೈದ್ಧಾಂತಿಕ ಭೌತಶಾಸ್ತ್ರದಲ್ಲಿ ಪಟ್ಟಿ ಚಿಕ್ಕದು, ಓದುವವರೂ ಕಡಿಮೆ.

ಭೌತಶಾಸ್ತ್ರದ ಒಳಗೇ ಇರುವ ಅಂತರ ಇನ್ನೂ ಕಣ್ಣಿಗೆ ಹೊಡೆಯುವಂಥದ್ದು. ಹಿಗ್ಸ್ ಕಣದ ದ್ರವ್ಯರಾಶಿಯನ್ನು ನಿಖರವಾಗಿ ಅಳೆದು ಕಣಭೌತಶಾಸ್ತ್ರದ ದೊಡ್ಡ ಪ್ರಯೋಗಗಳಾದ ಅಟ್ಲಾಸ್ ಮತ್ತು ಸಿಎಂಎಸ್‌ಗಳ ತಂಡಗಳು 2015ರಲ್ಲಿ ಜೊತೆಯಾಗಿ ಪ್ರಕಟಿಸಿದ ಪ್ರಬಂಧಕ್ಕೆ 5,154 ಲೇಖಕರಿದ್ದಾರೆ. ಅದರ 33 ಪುಟಗಳಲ್ಲಿ ಸಂಶೋಧನೆಗೆ ಸಂದದ್ದು 9; ಉಳಿದ 24 ಪುಟಗಳಲ್ಲಿ ಇರುವುದು ಹೆಸರುಗಳು ಮತ್ತು ಸಂಸ್ಥೆಗಳು. ಆ ಪ್ರಬಂಧಕ್ಕೆ ಬರುವ ಒಂದೊಂದು ಉಲ್ಲೇಖವೂ ಅಷ್ಟೂ ಜನರ ಖಾತೆಗೆ ಪೂರ್ತಿಯಾಗಿ ಜಮೆಯಾಗುತ್ತದೆ. ಅದೇ ಕಣದ ಕಲ್ಪನೆಯನ್ನು 1964ರಲ್ಲಿ ಮುಂದಿಟ್ಟವರಲ್ಲಿ ಒಬ್ಬರಾದ ಪೀಟರ್ ಹಿಗ್ಸ್ ಆಮೇಲೆ ಬರೆದ ಪ್ರಬಂಧಗಳು ಹತ್ತನ್ನೂ ಮುಟ್ಟಲಿಲ್ಲ. ಇಂದಿನ ಲೆಕ್ಕಾಚಾರದಲ್ಲಿ ತಮಗೆ ಕೆಲಸವೇ ಸಿಗುತ್ತಿರಲಿಲ್ಲವೆಂದು 2013ರಲ್ಲಿ ಅವರೇ ಹೇಳಿದ್ದರು. ಇವೆರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದಾಗಲೆಲ್ಲ ನನಗೆ ಕಳವಳವಾಗುತ್ತದೆ.

ಹಾಗಿದ್ದರೆ ಹೋಲಿಸುವುದು ಹೇಗೆ ಎಂಬುದು ತಮ್ಮ ಎರಡನೆಯ ಪ್ರಶ್ನೆ. ಒಂದು ಪ್ರಬಂಧಕ್ಕೆ ಬಂದ ಉಲ್ಲೇಖಗಳನ್ನು ಅದೇ ಕ್ಷೇತ್ರದ, ಅದೇ ವರ್ಷದ ಪ್ರಬಂಧಗಳ ಸರಾಸರಿಯಿಂದ ಭಾಗಿಸುವುದು ರೂಢಿಯಲ್ಲಿರುವ ಕ್ರಮ. ಸರಾಸರಿ 10 ಇರುವಲ್ಲಿ 30 ಉಲ್ಲೇಖ ಬಂದರೆ ಬೆಲೆ 3. ಸರಾಸರಿ 40 ಇರುವಲ್ಲಿ 60 ಬಂದರೆ ಒಂದೂವರೆ ಮಾತ್ರ. ಇದು ನಮ್ಮ ಪಟ್ಟಿಗಿಂತ ನ್ಯಾಯವಾದ ದಾರಿ. ಆದರೂ ಯಾವ ಕ್ಷೇತ್ರದ ಸರಾಸರಿ ಎಂಬ ಪ್ರಶ್ನೆ ಉಳಿಯುತ್ತದೆ. ವಾಲ್ಟರ್ ಕೋನ್ ಮತ್ತು ಲು ಶಾಮ್ 1965ರಲ್ಲಿ ಎಲೆಕ್ಟ್ರಾನುಗಳ ಕುರಿತು ಬರೆದ ಪ್ರಬಂಧ ಪ್ರಕಟವಾದದ್ದು ಭೌತಶಾಸ್ತ್ರದ ಪತ್ರಿಕೆಯಲ್ಲಿ. ಅದನ್ನು ಇಂದಿಗೂ ದಿನನಿತ್ಯ ಬಳಸುವವರಲ್ಲಿ ರಸಾಯನಶಾಸ್ತ್ರಜ್ಞರೂ ಹೊಸ ವಸ್ತುಗಳನ್ನು ಹುಡುಕುವವರೂ ಅಸಂಖ್ಯ. ಭೌತವಿಜ್ಞಾನಿಯಾದ ಕೋನ್ ಅವರಿಗೆ 1998ರಲ್ಲಿ ನೊಬೆಲ್ ಸಂದದ್ದೂ ರಸಾಯನಶಾಸ್ತ್ರದಲ್ಲಿಯೇ. ಇಂಥ ಕೃತಿಯ ವಿಷಯದಲ್ಲಿ ಉಲ್ಲೇಖ ಎಷ್ಟು ಬಂತು ಎಂಬುದಕ್ಕಿಂತ ಎಲ್ಲಿಂದ ಬಂತು, ಯಾವ ಕೆಲಸಕ್ಕೆ ಬಂತು ಎಂದು ನೋಡುವುದೇ ಹೆಚ್ಚು ತಿಳಿಸುತ್ತದೆ, ಅದಕ್ಕಾಗಿ ಆ ಪ್ರಬಂಧಗಳನ್ನು ತೆರೆದು ಓದಬೇಕಾಗುತ್ತದೆ.

ಮುಂದಿನ ಸಂಚಿಕೆಯಲ್ಲಿ ಆ ಪಟ್ಟಿಯ ತಿದ್ದುಪಡಿಯನ್ನು ಪ್ರಕಟಿಸುತ್ತೇವೆ. ವಿಜ್ಞಾನಿಗಳ ಪರಿಚಯ ಲೇಖನಗಳಲ್ಲಿ ಇನ್ನು ಸೂಚ್ಯಂಕದ ಸಾಲು ಇರುವುದಿಲ್ಲ. ಆ ಜಾಗದಲ್ಲಿ ಅವರ ಒಂದು ಪ್ರಬಂಧ ಏನು ಹೇಳಿತು, ಯಾರು ಅದನ್ನು ಮುಂದಕ್ಕೆ ಒಯ್ದರು ಎಂಬುದನ್ನು ಬರೆಯುತ್ತೇವೆ.

— ಸಂಪಾದಕ