ಅಮೆರಿಕದಲ್ಲೇ ಮಾರ್ಪಾಡು ಮಾಡಿಸಿ ಮಸಲ್ ಕಾರನ್ನು ಜರ್ಮನಿಗೆ ತರುವುದು ಲಾಭವೇ?

ನೀವು ಮ್ಯೂನಿಕ್‌ನಲ್ಲಿದ್ದೀರಿ, ಕ್ಯಾಲಿಫೋರ್ನಿಯಾದಲ್ಲಿ 1969ರ ಫೋರ್ಡ್ ಮಸ್ಟಾಂಗ್ ಒಂದನ್ನು, ಅಂದರೆ ದೊಡ್ಡ ಎಂಜಿನ್ನಿನ ಹಳೆಯ ಅಮೆರಿಕನ್ ಮಸಲ್ ಕಾರನ್ನು, ನೋಡಿಟ್ಟಿದ್ದೀರಿ. ಅಲ್ಲಿ ಬಿಡಿಭಾಗಗಳೂ ಕೂಲಿಯೂ ಅಗ್ಗವೆಂಬ ಕಾರಣಕ್ಕೆ ಸಸ್ಪೆನ್ಶನ್, ಸ್ಟೀರಿಂಗ್, ಬ್ರೇಕ್, ಎಂಜಿನ್ ಎಲ್ಲವನ್ನೂ ಅಲ್ಲೇ ಬದಲಾಯಿಸಿ, 500 ಅಶ್ವಶಕ್ತಿಯ ಕಾರನ್ನೇ ಹಡಗಿಗೆ ಹತ್ತಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಇದೇ ಲೆಕ್ಕವನ್ನು ಇದೇ ಕಾರಣಗಳಿಗಾಗಿ ಹಾಕಿ ನಾನು ಕೈಸುಟ್ಟುಕೊಂಡಿದ್ದೇನೆ.

ನನ್ನದು 1968ರ ಪ್ಲಿಮತ್ ಸ್ಯಾಟಲೈಟ್, ಎರಡು ಬಾಗಿಲಿನ ಹಾರ್ಡ್‌ಟಾಪ್. ಅದೇ ವರ್ಷ ಪ್ಲಿಮತ್ ಬಿಡುಗಡೆ ಮಾಡಿದ ರೋಡ್ ರನ್ನರ್‌ನ ಒಡಲೇ ಇದಕ್ಕೂ ಇದೆ. ರೋಡ್ ರನ್ನರ್‌ಗೆ 383 ಘನ ಇಂಚಿನ ಎಂಜಿನ್ ಇದ್ದರೆ ಇದಕ್ಕೆ 318 ಘನ ಇಂಚಿನ, ಅಂದರೆ 5.2 ಲೀಟರಿನ ವಿ8. ರೋಡ್ ರನ್ನರ್ ನನ್ನ ಕೈಗೆಟುಕುವ ಬೆಲೆಯಲ್ಲಿರಲಿಲ್ಲ. ಬೆಂಗಳೂರಿನಲ್ಲಿ ಓದುತ್ತಿದ್ದ ಕಾಲದಿಂದಲೂ ಚಿತ್ರಗಳಲ್ಲಷ್ಟೇ ನೋಡಿದ್ದ ಆ ಆಕಾರವನ್ನು ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಗಟ್ಟಿಯಾದ ಮೇಲೆ ಸ್ವಂತದ್ದಾಗಿಸಿಕೊಳ್ಳುವ ಧೈರ್ಯ ಬಂದಿತು. ಕಾರು ಅರಿಜೋನಾದಲ್ಲಿತ್ತು. ಅಲ್ಲಿಯ ಒಣ ಹವೆಯಲ್ಲಿ ಐದು ದಶಕ ಕಳೆದಿದ್ದರೂ ಅದರ ತಳಭಾಗದಲ್ಲಿ ಹೇಳಿಕೊಳ್ಳುವಂಥ ತುಕ್ಕು ಇರಲಿಲ್ಲ. ಅದನ್ನು ಹಾಗೆಯೇ ತರಬೇಕಿತ್ತು.

ಆದರೆ ನಾನು ಅಲ್ಲಿಯ ಒಂದು ವರ್ಕ್‌ಶಾಪ್‌ಗೆ ಅದನ್ನು ಒಪ್ಪಿಸಿದೆ. ಈ ಕಾರಿನ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗ್ ಇರುವುದಿಲ್ಲ. ಒಂದು ಮೀಟರಿಗಿಂತ ತುಸು ಉದ್ದದ ಎರಡು ಉಕ್ಕಿನ ಸಲಾಕೆಗಳು ತಿರುಚಿಕೊಳ್ಳುತ್ತ, ಬಿಚ್ಚಿಕೊಳ್ಳುತ್ತ ಸ್ಪ್ರಿಂಗಿನ ಕೆಲಸ ಮಾಡುತ್ತವೆ. ಆ ಟಾರ್ಶನ್ ಬಾರ್‌ಗಳನ್ನೂ, ಎಂಜಿನ್ ಕುಳಿತುಕೊಳ್ಳುವ ಕೆ-ಫ್ರೇಮ್ ಎಂಬ ಅಡ್ಡ ಚೌಕಟ್ಟನ್ನೂ ತೆಗೆಸಿ, ಹೊಸ ಕಾಲದ ಕಾಯಿಲ್‌ಓವರ್ (ಶಾಕ್ ಅಬ್ಸಾರ್ಬರ್ ಸುತ್ತಲೇ ಸುರುಳಿ ಸ್ಪ್ರಿಂಗ್ ಇರುವ) ಸಸ್ಪೆನ್ಶನ್ ಮತ್ತು ರ್‍ಯಾಕ್-ಪಿನಿಯನ್ ಸ್ಟೀರಿಂಗ್ ಇರುವ ಕಿಟ್ ಹಾಕಿಸಿದೆ. ದೊಡ್ಡ ಡಿಸ್ಕ್ ಬ್ರೇಕ್‌ಗಳು ಬಂದವು, ಕಾರ್ಬ್ಯುರೇಟರ್ ಇದ್ದ ಜಾಗಕ್ಕೆ ಎಲೆಕ್ಟ್ರಾನಿಕ್ ಇಂಧನ ಇಂಜೆಕ್ಷನ್ ಬಂದಿತು. ಕಳಚಿದ ಹಳೆಯ ಭಾಗಗಳನ್ನು ಏನು ಮಾಡಬೇಕೆಂದು ವರ್ಕ್‌ಶಾಪಿನವರು ಕೇಳಿದಾಗ, ಸಾಗಾಣಿಕೆಯ ತೂಕ ಉಳಿಯಲೆಂದು, ಗುಜರಿಗೆ ಹಾಕಿ ಎಂದು ಹೇಳಿದೆ. ಕೆಲಸ ಅಚ್ಚುಕಟ್ಟಾಗಿತ್ತು, ದರವೂ ನ್ಯಾಯವಾಗಿತ್ತು. ಅವರ ಮೇಲೆ ನನ್ನ ಆಕ್ಷೇಪವೇನೂ ಇಲ್ಲ.

ಈಗ ನನಗೆ ದುಬಾರಿಯಾದ ಆ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಇದನ್ನು ಬಹಳ ಜನ ಅರ್ಧಂಬರ್ಧ ಕೇಳಿಸಿಕೊಂಡು ಹಣ ಕಳೆದುಕೊಳ್ಳುತ್ತಾರೆ. ಹಳೆಯ ಕಾರು ಯುರೋಪಿಯನ್ ಒಕ್ಕೂಟದೊಳಗೆ ಬರುವಾಗ ಅದನ್ನು ಎರಡು ಬಗೆಯಲ್ಲಿ ವರ್ಗೀಕರಿಸಲು ಸಾಧ್ಯವಿದೆ. ಸಾಧಾರಣ ವಾಹನವೆಂದು ಪರಿಗಣಿಸಿದರೆ ಶೇ. 10 ಕಸ್ಟಮ್ಸ್ ಸುಂಕ, ಅದರ ಮೇಲೆ ಜರ್ಮನಿಯಲ್ಲಿ ಶೇ. 19 ಆಮದು ಮಾರಾಟ ತೆರಿಗೆ. ಇದು ನಾನು ಕಾರು ತಂದ ಕಾಲದ ದರ. ಸಂಗ್ರಹಯೋಗ್ಯ ವಸ್ತುಗಳ 9705 ಎಂಬ ಶೀರ್ಷಿಕೆಯಡಿ ಪರಿಗಣಿಸಿದರೆ ಸುಂಕವೇ ಇಲ್ಲ, ತೆರಿಗೆ ಶೇ. 7 ಮಾತ್ರ. ಕಾರಿನ ಬೆಲೆ ಮತ್ತು ಹಡಗಿನ ಖರ್ಚು ಸೇರಿ 30,000 ಯೂರೋ ಎಂದಿಟ್ಟುಕೊಳ್ಳಿ: ಸಂಗ್ರಹಯೋಗ್ಯವಾದರೆ 2,100 ಯೂರೋ ಕಟ್ಟಬೇಕು, ಸಾಧಾರಣ ವಾಹನವಾದರೆ 3,000 ಸುಂಕ ಮತ್ತು 33,000ದ ಮೇಲೆ 6,270 ತೆರಿಗೆ, ಒಟ್ಟು 9,270 ಯೂರೋ.

ಕಾರಿಗೆ 30 ವರ್ಷ ತುಂಬಿದ್ದರೆ ಸಾಕು, ಕಡಿಮೆ ದರ ತಾನಾಗಿ ಸಿಗುತ್ತದೆ ಎಂದು ನಾನು ತಿಳಿದಿದ್ದೆ. ವಯಸ್ಸು ಒಂದು ಷರತ್ತು ಮಾತ್ರ. ಆ ಮಾದರಿ ಈಗ ತಯಾರಾಗುತ್ತಿರಬಾರದು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಕಾರು ಮೂಲ ಸ್ಥಿತಿಯಲ್ಲಿರಬೇಕು: ಚಾಸಿ, ಒಡಲು, ಸ್ಟೀರಿಂಗ್, ಬ್ರೇಕ್, ಗೇರ್ ವ್ಯವಸ್ಥೆ, ಸಸ್ಪೆನ್ಶನ್, ಎಂಜಿನ್ ಇವುಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ದುರಸ್ತಿ ಮಾಡಿಸಿರಬಹುದು, ಸವೆದದ್ದನ್ನು ಅಂಥದ್ದೇ ಭಾಗದಿಂದ ಬದಲಿಸಿರಬಹುದು. ಆಧುನೀಕರಿಸಿದ ವಾಹನಕ್ಕೆ ಆ ಶೀರ್ಷಿಕೆಯಲ್ಲಿ ಜಾಗವಿಲ್ಲ. ಈ ಪಟ್ಟಿಯನ್ನೂ ನಿಮ್ಮ ಮಾರ್ಪಾಡುಗಳ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ.

ಬ್ರೆಮರ್‌ಹಾಫನ್ ಬಂದರಿನಲ್ಲಿ ಕಾರು ಇಳಿದಾಗ ದಾಖಲೆಗಳ ಲಕೋಟೆಯಲ್ಲಿ ಖರೀದಿ ಪತ್ರದ ಜೊತೆಗೆ ವರ್ಕ್‌ಶಾಪಿನ ಬಿಲ್ಲೂ ಇತ್ತು, ಯಾವ ಭಾಗ ತೆಗೆದದ್ದು, ಯಾವುದು ಹಾಕಿದ್ದು ಎಂಬುದು ಸಾಲು ಸಾಲಾಗಿ ನಮೂದಾಗಿತ್ತು. ಅಧಿಕಾರಿ ಆ ಬಿಲ್ಲನ್ನು ಓದಿದರು, ಬಾನೆಟ್ ಎತ್ತಿಸಿ ನೋಡಿದರು, ಇದು ಸಾಧಾರಣ ವಾಹನ ಎಂದು ತೀರ್ಮಾನಿಸಿದರು. ಮಾರ್ಪಾಡಿಗೆ ತೆತ್ತ ಹಣವೂ ಕಾರಿನ ಮೌಲ್ಯಕ್ಕೆ ಸೇರಿ ಅದರ ಮೇಲೂ ತೆರಿಗೆ ಬಿತ್ತು. ಮುಂದೆ ಕಾರನ್ನು ಮೂಲ ಸ್ಥಿತಿಗೆ ತಂದರೂ ಆ ಹಣ ಮರಳಲಿಲ್ಲ, ಏಕೆಂದರೆ ಗಡಿ ದಾಟಿದ ಹೊತ್ತಿಗೆ ಕಾರು ಹೇಗಿತ್ತು ಎಂಬುದೇ ಲೆಕ್ಕಕ್ಕೆ ಬರುತ್ತದೆ.

ಎರಡನೆಯ ಪೆಟ್ಟು ನೋಂದಣಿಯ ಹೊತ್ತಿಗೆ ಬಿತ್ತು. ಜರ್ಮನಿಯಲ್ಲಿ ಇಂಥ ಕಾರನ್ನು ರಸ್ತೆಗಿಳಿಸಲು ವಾಹನ ನಿಯಮಾವಳಿಯ 21ನೆಯ ಕಲಮಿನಂತೆ ಬಿಡಿ ವಾಹನದ ಪೂರ್ಣ ಪರೀಕ್ಷೆ ಆಗಬೇಕು. ಹಳೆಯ ಕಾರುಗಳಿಗೆಂದೇ ಇರುವ, ಎಚ್ ಅಕ್ಷರದ ನಂಬರ್ ಪ್ಲೇಟ್ (ಎಚ್ ಪ್ಲೇಟ್) ಬೇಕಾದರೆ 23ನೆಯ ಕಲಮಿನಂತೆ ತಜ್ಞರ ವರದಿಯೂ ಬೇಕು. ಎಚ್ ಪ್ಲೇಟ್ ಇದ್ದರೆ ಎಂಜಿನ್ ಎಷ್ಟೇ ದೊಡ್ಡದಿರಲಿ, ವಾರ್ಷಿಕ ತೆರಿಗೆ 191.73 ಯೂರೋ. ಅದಿಲ್ಲದಿದ್ದರೆ ಹೊಗೆ ನಿಯಂತ್ರಣವಿಲ್ಲದ ಪೆಟ್ರೋಲ್ ಕಾರಿಗೆ ಪ್ರತಿ 100 ಸಿಸಿಗೆ 25.36 ಯೂರೋ, ನನ್ನ 5.2 ಲೀಟರಿಗೆ ಅದು ವರ್ಷಕ್ಕೆ 1,344 ಯೂರೋ ದಾಟುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಎಚ್ ಪ್ಲೇಟ್ ಇಲ್ಲದ ಇಂಥ ಕಾರು ಸ್ಟುಟ್‌ಗಾರ್ಟ್‌ನ ಪರಿಸರ ವಲಯದೊಳಗೆ (ಹೆಚ್ಚು ಹೊಗೆ ಉಗುಳುವ ವಾಹನಗಳಿಗೆ ಪ್ರವೇಶವಿಲ್ಲದ ಪ್ರದೇಶ) ಬರುವಂತಿಲ್ಲ, ನಿಮ್ಮ ಮ್ಯೂನಿಕ್‌ನಲ್ಲಿ ಮಿಟ್ಲರರ್ ರಿಂಗ್ ರಸ್ತೆಯ ಒಳಗಿನ ಭಾಗಕ್ಕೂ ಹೋಗುವಂತಿಲ್ಲ. ನನ್ನ ಮನೆಯೇ ವಲಯದೊಳಗಿದೆ.

ಎಚ್ ಪ್ಲೇಟಿನ ಪರೀಕ್ಷಕರು ಮಾರ್ಪಾಡುಗಳನ್ನು ಪೂರ್ತಿಯಾಗಿ ವಿರೋಧಿಸುವುದಿಲ್ಲ ಎಂಬುದನ್ನು ಚೆನ್ನಾಗಿ ನೆನಪಿಡಿ. ಕಾರು ತಯಾರಾದ ಅಥವಾ ಮೊದಲು ನೋಂದಣಿಯಾದ ದಿನದಿಂದ 10 ವರ್ಷಗಳೊಳಗೆ ಆಗಿದ್ದ, ಇಲ್ಲವೇ ಆಗಬಹುದಾಗಿದ್ದ ಬದಲಾವಣೆಯನ್ನು ಅವರು ಆ ಕಾಲದ್ದೆಂದು ಒಪ್ಪುತ್ತಾರೆ. ನನ್ನ ಕಾರಿಗೆ ಆ ಗೆರೆ 1978. ಈ ಶತಮಾನದಲ್ಲಿ ವಿನ್ಯಾಸಗೊಂಡ ಕಾಯಿಲ್‌ಓವರ್ ಕಿಟ್ ಆ ಗೆರೆಯೊಳಗೆ ಬರುವುದಿಲ್ಲ, ಎಲೆಕ್ಟ್ರಾನಿಕ್ ಇಂಜೆಕ್ಷನ್ ಕಿಟ್ಟೂ ಬರುವುದಿಲ್ಲ. ಎಚ್ ಪ್ಲೇಟಿನ ಆಸೆ ಬಿಟ್ಟು ಸಾಮಾನ್ಯ ಪ್ಲೇಟ್ ಕೇಳಿದರೂ, ಸ್ಟೀರಿಂಗ್ ಮತ್ತು ಭಾರ ಹೊರುವ ಚೌಕಟ್ಟಿನ ಬಲಕ್ಕೆ ಜರ್ಮನಿಯಲ್ಲಿ ಮಾನ್ಯವಾದ ಪರೀಕ್ಷಾ ವರದಿ ಎಲ್ಲಿ ಎಂದು ಕೇಳಿದರು. ಕಿಟ್ ತಯಾರಕರ ಬಳಿ ಅಂಥದ್ದೊಂದು ಇರಲಿಲ್ಲ. ಅಮೆರಿಕದಲ್ಲಿ ಮಾರಾಟವಾಗುವ ಹೆಚ್ಚಿನ ಭಾಗಗಳ ಕಥೆ ಇದೇ: ಗುಣಮಟ್ಟ ಚೆನ್ನಾಗಿರುತ್ತದೆ, ಕಾಗದ ಇರುವುದಿಲ್ಲ. ಇಲ್ಲಿ ಕಾಗದವಿಲ್ಲದ ಭಾಗಕ್ಕೆ ಬೆಲೆಯಿಲ್ಲ.

ಹೀಗಾಗಿ ಗುಜರಿಗೆ ಹಾಕಿಸಿದ ಭಾಗಗಳನ್ನೇ ಮತ್ತೆ ಹುಡುಕಿಕೊಂಡು ಹೊರಟೆ. ಕೆ-ಫ್ರೇಮ್ ಸಿಕ್ಕಿದ್ದು ಸ್ವೀಡನ್ನಿನ ಹವ್ಯಾಸಿಯೊಬ್ಬರಲ್ಲಿ. ಅವರು ಬಿಚ್ಚಿಟ್ಟಿದ್ದ 1968ರ ಡಾಡ್ಜ್ ಕೊರೊನೆಟ್‌ನದು. ಡಾಡ್ಜ್, ಪ್ಲಿಮತ್ ಎರಡೂ ಕ್ರೈಸ್ಲರ್ ಮನೆಯವೇ ಆದ್ದರಿಂದ ಅದು ಹೊಂದಿತು. ಟಾರ್ಶನ್ ಬಾರ್‌ಗಳು ಇನ್ನಷ್ಟು ಸತಾಯಿಸಿದವು. ಎಡದ್ದು ಬಲಕ್ಕೆ ಬರುವುದಿಲ್ಲ. ಒಂದೊಂದೂ ತನ್ನ ದಿಕ್ಕಿಗೆ ತಿರುಚಿಕೊಳ್ಳುವಂತೆ ಹದಗೊಂಡಿರುತ್ತದೆ, ತುದಿಯಲ್ಲಿ ಒತ್ತಿರುವ ಸಂಖ್ಯೆಯಿಂದಲೇ ಯಾವುದು ಯಾವ ಬದಿಯದೆಂದು ತಿಳಿಯಬೇಕು. ತುದಿಯ ತುಕ್ಕನ್ನು ತಂತಿಯ ಬ್ರಶ್ಶಿನಿಂದ ಉಜ್ಜಿ, ದೀಪ ಹಿಡಿದು ಆ ಸಂಖ್ಯೆಗಳನ್ನು ಓದಿದ್ದು ನನಗಿನ್ನೂ ಚೆನ್ನಾಗಿ ನೆನಪಿದೆ.

ನನಗೆ ನಿಜವಾದ ಮಾರ್ಪಾಡು ಎಂದರೆ ಏನೆಂದು ತಿಳಿದದ್ದು ಇದಾದ ಮೇಲೆ. ಮೊದಲು ಕಾರ್ಖಾನೆಯಿಂದ ಬಂದಾಗ ಇದ್ದಂತೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇಟ್ಟೇ ನೋಂದಣಿ ಮಾಡಿಸಿದೆ. ಎ8 ಹೆದ್ದಾರಿ ಶ್ವೇಬಿಶೆ ಆಲ್ಬ್ ಬೆಟ್ಟದಿಂದ ಸ್ಟುಟ್‌ಗಾರ್ಟ್ ಕಡೆಗೆ ಇಳಿಯುವ ಜಾಗದಲ್ಲಿ, ಮುಂದಿನ ಲಾರಿಗಳಿಂದಾಗಿ ಮತ್ತೆ ಮತ್ತೆ ಬ್ರೇಕ್ ಒತ್ತಬೇಕಾದಾಗ, ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ಮಾತ್ರ ನಿಧಾನವಾಗದ ಅನುಭವ ಆಯಿತು. ಬಿಸಿಯಾದ ಲೈನಿಂಗ್ ಹಿಡಿತ ಕಳೆದುಕೊಳ್ಳುತ್ತದೆ, ಜೊತೆಗೆ ಡ್ರಮ್ ಹಿಗ್ಗಿ ಬ್ರೇಕ್ ಶೂವಿನಿಂದ ದೂರ ಸರಿಯುತ್ತದೆ. ಗಂಟೆಗೆ 160 ಕಿ.ಮೀ. ವೇಗದ ಕಾರನ್ನು ನಿಲ್ಲಿಸುವಾಗ ಬ್ರೇಕ್ ನುಂಗಬೇಕಾದ ಶಕ್ತಿ 100 ಕಿ.ಮೀ. ವೇಗದಲ್ಲಿರುವುದರ ಎರಡೂವರೆ ಪಟ್ಟು. ಆ ಕಾಲದ ಅಮೆರಿಕದ ರಸ್ತೆಗೆಂದು ಕಟ್ಟಿದ ಬ್ರೇಕಿನಿಂದ ಜರ್ಮನಿಯ ಆಟೊಬಾನ್‌ನಲ್ಲಿ ಅದನ್ನು ನಿರೀಕ್ಷಿಸಬಾರದು.

ಪರಿಹಾರವು 10 ವರ್ಷಗಳ ಗೆರೆಯೊಳಗೇ ಇತ್ತು. 1973ರಿಂದ 1976ರವರೆಗಿನ ಡಾಡ್ಜ್ ಡಾರ್ಟ್, ಪ್ಲಿಮತ್ ಡಸ್ಟರ್ ಕಾರುಗಳ ಮುಂಚಕ್ರದ ಸ್ಪಿಂಡಲ್ (ಚಕ್ರ ತಿರುಗುವ ಅಚ್ಚು) ಮತ್ತು ಡಿಸ್ಕ್ ಬ್ರೇಕ್ ನನ್ನ ಕಾರಿಗೆ ಹೊಂದುತ್ತವೆ. ಈ ಸಲ ಭಾಗಗಳನ್ನು ಕೊಳ್ಳುವ ಮೊದಲೇ ಪರೀಕ್ಷಕರ ಬಳಿ ಹೋದೆ. ಆ ವರ್ಷಗಳ ಬಿಡಿಭಾಗಗಳ ಪಟ್ಟಿಯ ಪುಟಗಳನ್ನು ಮುಂದಿಟ್ಟು, ಹೊಸ ಮಾಸ್ಟರ್ ಸಿಲಿಂಡರ್ ಯಾವುದು, ಹಿಂಚಕ್ರಕ್ಕೆ ಹೋಗುವ ಒತ್ತಡವನ್ನು ಹದಗೊಳಿಸುವ ವಾಲ್ವ್ ಯಾವುದು ಎಂದು ಕೇಳಿಕೊಂಡು ಬಂದೆ. ಅವರು ಒಂದೆರಡು ತಿದ್ದುಪಡಿ ಸೂಚಿಸಿ ಒಪ್ಪಿದರು, ಕೆಲಸ ಮುಗಿದ ಮೇಲೆ ದಾಖಲೆಯಲ್ಲಿ ಬರೆದುಕೊಟ್ಟರು. ಕ್ರೈಸ್ಲರ್ ಕಂಪನಿಯೇ 1970ರ ದಶಕದ ಆರಂಭದಲ್ಲಿ ತಂದ ಎಲೆಕ್ಟ್ರಾನಿಕ್ ಇಗ್ನಿಷನ್‌ಗೂ ಹೀಗೆಯೇ ಒಪ್ಪಿಗೆ ಸಿಕ್ಕಿತು. ವಾಹನ ಪರೀಕ್ಷಾ ಸಂಸ್ಥೆಗಳಾದ ಟ್ಯೂಫ್ ಆಗಲಿ, ಡೆಕ್ರಾ ಆಗಲಿ, ಹಳೆಯ ಅಮೆರಿಕನ್ ಕಾರುಗಳನ್ನು ಬಲ್ಲ ಪರೀಕ್ಷಕರೊಬ್ಬರನ್ನು ಮೊದಲು ಹುಡುಕಿಕೊಳ್ಳಿ. ಮೆಕ್ಯಾನಿಕ್ ಆಮೇಲೆ ಸಿಗುತ್ತಾರೆ.

ನಿಮ್ಮ 500 ಅಶ್ವಶಕ್ತಿಯ ಗುರಿಯನ್ನು ನಾನು ಒಪ್ಪುವುದಿಲ್ಲ. 1969ರ ಮಸ್ಟಾಂಗ್‌ನ 351 ಘನ ಇಂಚಿನ ಎಂಜಿನ್‌ಗೆ ಫೋರ್ಡ್ ಹೇಳಿದ್ದು 250 ಅಥವಾ 290 ಅಶ್ವಶಕ್ತಿ. ಅದೂ ಆ ಕಾಲದ ರೂಢಿಯಂತೆ ಏರ್ ಫಿಲ್ಟರ್, ಸೈಲೆನ್ಸರ್ ಇಲ್ಲದೆ ಎಂಜಿನ್ನನ್ನು ಮಾತ್ರ ಸ್ಟ್ಯಾಂಡಿನ ಮೇಲಿಟ್ಟು ಅಳೆದದ್ದು. ಚಕ್ರಕ್ಕೆ ತಲುಪುವುದು ಇನ್ನೂ ಕಡಿಮೆ. ಒಡಲು, ಹಿಂದಿನ ಆಕ್ಸಲ್, ಬ್ರೇಕ್ ಎಲ್ಲವೂ ಆ ಶಕ್ತಿಗೆ ಹೊಂದುವಂತೆ ಕಟ್ಟಿದವು. ಅದಕ್ಕೆ 500 ತುಂಬಿದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ, ಮತ್ತು ಒಂದಕ್ಕೆ ತಕ್ಕಂತೆ ಇನ್ನೊಂದನ್ನು ಬದಲಿಸುತ್ತ ಹೋದರೆ ಕೊನೆಗೆ ನೀವು ಆಸೆಪಟ್ಟ 1969ರ ಕಾರು ಉಳಿಯುವುದಿಲ್ಲ. ನಾಲ್ಕು ಬ್ಯಾರೆಲ್ಲಿನ ಕಾರ್ಬ್ಯುರೇಟರ್, ಆ ಕಾಲದ ಮಾದರಿಯ ಇನ್‌ಟೇಕ್ ಮ್ಯಾನಿಫೋಲ್ಡ್, ಶಬ್ದದ ಮಿತಿಯೊಳಗಿರುವ ಎಕ್ಸಾಸ್ಟ್, ಒಳ್ಳೆಯ ರೇಡಿಯೇಟರ್, ಮುಂದೆ ಡಿಸ್ಕ್ ಬ್ರೇಕ್, ರೇಡಿಯಲ್ ಟೈರ್: ಇಷ್ಟು ಮಾಡಿಸಿ ಮೂರು ಗೇರಿನ ಆಟೊಮ್ಯಾಟಿಕ್‌ನಲ್ಲಿ 120 ಕಿ.ಮೀ.ಯಲ್ಲಿ ಸಾಗುವಾಗ ಸಿಗುವ ಸಂತೋಷಕ್ಕೆ ನನ್ನ ಮಟ್ಟಿಗೆ ಸಾಟಿಯಿಲ್ಲ.

ಸ್ವೀಡನ್ನಿನಲ್ಲಿ ಎಂಥೆಂಥ ಮಾರ್ಪಾಡಿನ ಕಾರುಗಳು ಓಡಾಡುತ್ತವೆ ಎಂದೂ ನೀವು ಉದಾಹರಿಸಿದ್ದೀರಿ. ಅಲ್ಲಿ ಅಮೆರಿಕನ್ ಕಾರುಗಳ ಸಂಸ್ಕೃತಿ ಬಹಳ ಆಳವಾದದ್ದು, ನಿಜ. ಆದರೆ ಅಲ್ಲಿಯ ನೋಂದಣಿ ನಿಯಮ ಅಲ್ಲಿಯದು. ಕಸ್ಟಮ್ಸ್ ಸುಂಕ ಒಕ್ಕೂಟಕ್ಕೆಲ್ಲ ಒಂದೇ ಇದ್ದರೂ ಮಾರಾಟ ತೆರಿಗೆ, ತಾಂತ್ರಿಕ ಪರೀಕ್ಷೆ, ನಂಬರ್ ಪ್ಲೇಟು ದೇಶದಿಂದ ದೇಶಕ್ಕೆ ಬೇರೆ. ನಿಮ್ಮ ಪ್ಲೇಟ್ ಜರ್ಮನಿಯದಾಗಿರುವವರೆಗೆ ಜರ್ಮನ್ ಪರೀಕ್ಷಕರ ಮಾತೇ ನಿಮಗೆ ಅನ್ವಯ.

ನಿಮ್ಮ ಸ್ಥಿತಿ ನನ್ನದಕ್ಕಿಂತ ಒಂದು ವಿಷಯದಲ್ಲಿ ಹೆಚ್ಚು ಅಪಾಯದ್ದು. ನನ್ನ ಕಿಟ್ ಬೋಲ್ಟುಗಳಿಂದ ಕೂಡಿಸಿದ್ದಾದ್ದರಿಂದ ಬಿಚ್ಚಲು ಸಾಧ್ಯವಾಯಿತು. ನೀವು ಹಾಕಿಸಬೇಕೆಂದಿರುವ ಮಸ್ಟಾಂಗ್ ಸಸ್ಪೆನ್ಶನ್ ಕಿಟ್‌ಗಾಗಿ ಎಂಜಿನ್ನಿನ ಎರಡೂ ಬದಿಯ ಶಾಕ್ ಟವರ್‌ಗಳನ್ನು, ಅಂದರೆ ಸಸ್ಪೆನ್ಶನ್ನಿನ ಮೇಲ್ತುದಿ ಕೂರುವ ಉಕ್ಕಿನ ಕಂಬಗಳನ್ನು, ಕತ್ತರಿಸಿ ತೆಗೆಯುತ್ತಾರೆ. ಪ್ರತ್ಯೇಕ ಚಾಸಿ ಇಲ್ಲದ ಆ ಕಾರಿನಲ್ಲಿ ಮುಂಭಾಗದ ಭಾರ ಹೊರುವುದೇ ಆ ಟವರ್‌ಗಳು. ಒಮ್ಮೆ ಕತ್ತರಿಸಿದ ಮೇಲೆ ಮತ್ತೆ ಬೆಸುಗೆ ಹಾಕಿಸಿ, ಅದು ಸರಿಯಿದೆಯೆಂದು ಇಲ್ಲಿ ರುಜುವಾತು ಮಾಡುವುದು ನಾನು ಪಟ್ಟ ಪಾಡಿನ ಹಲವು ಪಟ್ಟು ಕಷ್ಟ.

ಆದ್ದರಿಂದ ಮುಂಗಡ ಕೊಡುವ ಮೊದಲು ಮಾರುವವರಿಂದ ಎರಡು ಫೋಟೋ ತರಿಸಿಕೊಳ್ಳಿ. ಒಂದು, ಬಾನೆಟ್ ಎತ್ತಿ ಎರಡೂ ಶಾಕ್ ಟವರ್ ಪೂರ್ತಿ ಕಾಣುವಂತೆ ತೆಗೆದದ್ದು. ಇನ್ನೊಂದು, ವಾಹನ ಗುರುತಿನ ಸಂಖ್ಯೆಯದು. 1969ರ ಮಸ್ಟಾಂಗ್‌ನಲ್ಲಿ ಆ ಸಂಖ್ಯೆಯ ಐದನೆಯ ಅಕ್ಷರ ಎಂಜಿನ್ ಯಾವುದೆಂದು ಹೇಳುತ್ತದೆ: ಎಫ್ ಇದ್ದರೆ 302 ಘನ ಇಂಚಿನದು, ಎಚ್ ಅಥವಾ ಎಂ ಇದ್ದರೆ 351 ಘನ ಇಂಚಿನದು, ಟಿ ಅಥವಾ ಎಲ್ ಇದ್ದರೆ ಅದು ಆರು ಸಿಲಿಂಡರಿನ ಕಾರಾಗಿ ಹುಟ್ಟಿದ್ದು, ಈಗ ಅದರೊಳಗೆ ವಿ8 ಕಾಣುತ್ತಿದ್ದರೆ ಯಾರೋ ಆಮೇಲೆ ಕೂರಿಸಿದ್ದಾರೆ, ಹಾಗಾಗಿ ಕಸ್ಟಮ್ಸ್‌ನ ಪ್ರಶ್ನೆ ನೀವೇನೂ ಮಾಡಿಸದೆಯೂ ಎದುರಾಗುತ್ತದೆ. ಆ ಒಂದು ಅಕ್ಷರವನ್ನೂ ಶಾಕ್ ಟವರ್‌ಗಳ ಫೋಟೋವನ್ನೂ ಇಲ್ಲಿ ಹಾಕಿದರೆ ನಾನು ನೋಡಿ ಹೇಳುತ್ತೇನೆ.