ಸಿಕೆ-ಎಂಬಿ ಒಟ್ಟು ಸಿಕೆಗಿಂತ ಜಾಸ್ತಿ ಬರುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ತಂದೆಗೆ ಎದೆ ಉರಿ ಅಂತ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಿರಿ. ಇಸಿಜಿಯಲ್ಲಿ ಏನೂ ಇಲ್ಲ, ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್ ಅನ್ನುವ ಪ್ರೋಟೀನು ಎರಡು ಸಲವೂ ನೆಗೆಟಿವ್. ಆದರೆ ರಿಪೋರ್ಟಿನಲ್ಲಿ ಒಟ್ಟು ಸಿಕೆ (ಸ್ನಾಯುಗಳಲ್ಲಿರುವ ಒಂದು ಕಿಣ್ವ) 96 ಯು/ಎಲ್, ಅಂದರೆ ಲೀಟರಿಗೆ 96 ಯೂನಿಟ್, ಅದರದೇ ಒಂದು ಪಾಲಾದ ಸಿಕೆ-ಎಂಬಿ 132 ಯು/ಎಲ್. ಪಾಲು ಒಟ್ಟಿಗಿಂತ ದೊಡ್ಡದಾಗುವುದು ಹೇಗೆ? ಲ್ಯಾಬಿನವರು ಸುಮ್ನೆ ಏನೋ ಬರೆದುಕೊಟ್ಟರಾ, ಇಲ್ಲ ಹೃದಯಕ್ಕೇನಾದರೂ ಆಗಿದೆಯಾ?

ನಾನು ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡುವವನು. ಇಂಥ ರಿಪೋರ್ಟ್ ನಮಗೆ ಹೊಸದಲ್ಲ. ಮಷೀನು ಕೆಟ್ಟಿರಲೇಬೇಕೆಂದಿಲ್ಲ, ಟೈಪಿಂಗ್ ತಪ್ಪೂ ಆಗಿರಬೇಕಿಲ್ಲ. ಆ 132 ಅಳೆದು ಬಂದ ಸಂಖ್ಯೆಯೇ ಅಲ್ಲ. ಮಷೀನು ಅಳೆದದ್ದು 66. ಅದನ್ನು ಎರಡರಿಂದ ಗುಣಿಸಿದ್ದಾರೆ. ಯು/ಎಲ್ ಅಂತ ಯೂನಿಟ್ ಇದ್ದರೆ ಸಾಮಾನ್ಯವಾಗಿ ಇದೇ ವಿಧಾನ. ಹೆಸರು ಇಮ್ಯುನೋಇನ್‌ಹಿಬಿಷನ್.

ಗುಣಿಸುವುದು ಯಾಕೆ ಅಂತ ಹೇಳುತ್ತೇನೆ. ಕ್ರಿಯಾಟಿನ್ ಕೈನೇಸ್, ಅಂದರೆ ಸಿಕೆ, ಒಂದು ಕಿಣ್ವ. ಎರಡು ತುಂಡು ಸೇರಿ ಒಂದು ಕಿಣ್ವ ಆಗುತ್ತದೆ, ಜೋಡೆತ್ತಿನ ಹಾಗೆ. ತುಂಡುಗಳಲ್ಲಿ ಎಂ ಮತ್ತು ಬಿ ಅಂತ ಎರಡು ಬಗೆ. ಕೈಕಾಲಿನ ಸ್ನಾಯುವಿನಲ್ಲಿ ಹೆಚ್ಚಾಗಿ ಇರುವುದು ಎಂಎಂ. ಮೆದುಳು, ಕರುಳಿನಲ್ಲಿ ಬಿಬಿ. ಹೃದಯದಲ್ಲೂ ದೊಡ್ಡ ಪಾಲು ಎಂಎಂ ಆದರೂ ಎಂಬಿ ಅಲ್ಲಿ ಐದನೇ ಒಂದರಷ್ಟು ಇರುತ್ತದೆ. ಬೇರೆ ಸ್ನಾಯುಗಳಲ್ಲಿ ಅಷ್ಟು ಇರುವುದಿಲ್ಲ. ಹಾಗಾಗಿ ಎಂಬಿ ಹೃದಯದ ಗುರುತಾಯಿತು.

ಒಟ್ಟು ಸಿಕೆ ಅಳೆಯುವಾಗ ನಾವು ಕಿಣ್ವವನ್ನು ಎಣಿಸುವುದಿಲ್ಲ, ಅದು ಎಷ್ಟು ವೇಗವಾಗಿ ಕೆಲಸ ಮಾಡುತ್ತದೆ ಅಂತ ನೋಡುತ್ತೇವೆ. ಕ್ರಿಯಾಟಿನ್ ಫಾಸ್ಫೇಟ್ ಮತ್ತು ಎಡಿಪಿ ಕೊಟ್ಟರೆ ಸಿಕೆ ಒಂದರ ಫಾಸ್ಫೇಟನ್ನು ಇನ್ನೊಂದಕ್ಕೆ ಸೇರಿಸಿ ಎಟಿಪಿ, ಅಂದರೆ ಜೀವಕೋಶಕ್ಕೆ ಶಕ್ತಿ ಕೊಡುವ ವಸ್ತು, ಮಾಡುತ್ತದೆ. ಆ ಎಟಿಪಿ ಕಣ್ಣಿಗೆ ಕಾಣದು. ಅದಕ್ಕೆ ರಿಯೇಜೆಂಟಿನಲ್ಲೇ (ಪರೀಕ್ಷೆಗೆ ಬಳಸುವ ದ್ರಾವಣ) ಇನ್ನೆರಡು ಕಿಣ್ವ ಇಟ್ಟಿರುತ್ತಾರೆ. ಹೆಕ್ಸೋಕೈನೇಸ್ ಆ ಎಟಿಪಿಯಿಂದ ಗ್ಲೂಕೋಸಿಗೆ ಫಾಸ್ಫೇಟ್ ಅಂಟಿಸುತ್ತದೆ, ಮುಂದಿನದು ಅದನ್ನು ಬಳಸಿ ಎನ್‌ಎಡಿಪಿಎಚ್ ಮಾಡುತ್ತದೆ. ಎನ್‌ಎಡಿಪಿಎಚ್ 340 ನ್ಯಾನೋಮೀಟರ್ ಬೆಳಕನ್ನು ಹೀರುತ್ತದೆ. ನಿಮಿಷಕ್ಕೆ ಎಷ್ಟು ಹೀರಿಕೆ ಏರಿತು ಅನ್ನುವುದೇ ನಿಮ್ಮ ರಿಪೋರ್ಟಿನ 96.

ಎಂಬಿ ಬೇಕಾದಾಗ ಇದೇ ರಿಯೇಜೆಂಟಿಗೆ ಒಂದು ಆ್ಯಂಟಿಬಾಡಿ, ಅಂದರೆ ಗುರುತಿಸಿದ ವಸ್ತುವಿಗೆ ಮಾತ್ರ ಅಂಟುವ ಪ್ರೋಟೀನು, ಸೇರಿಸುತ್ತಾರೆ. ಅದು ಎಂ ತುಂಡಿಗೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತದೆ. ಆಗ ಎಂಎಂ ಪೂರ್ತಿ ಸುಮ್ಮನಾಗುತ್ತದೆ. ಎಂಬಿಯಲ್ಲಿ ಅರ್ಧ ನಿಲ್ಲುತ್ತದೆ, ಬಿ ತುಂಡು ಕೆಲಸ ಮಾಡುತ್ತಲೇ ಇರುತ್ತದೆ. ಉಳಿದ ಚಟುವಟಿಕೆಯನ್ನು ಅಳೆದು, ಇದು ಎಂಬಿಯ ಅರ್ಧ ತಾನೇ ಅಂತ ಎರಡರಿಂದ ಗುಣಿಸುತ್ತಾರೆ.

ಇದು ಜಾಣ ಉಪಾಯವೇ. ಆದರೆ ಒಂದು ವಿಷಯವನ್ನು ಮೊದಲೇ ನಂಬಿ ಕೂತಿದೆ: ಆಂಟಿಬಾಡಿಯಿಂದ ತಪ್ಪಿಸಿಕೊಂಡದ್ದೆಲ್ಲ ಎಂಬಿಯಿಂದಲೇ ಬಂದದ್ದು, ರಕ್ತದಲ್ಲಿ ಬಿಬಿ ಇಲ್ಲವೇ ಇಲ್ಲ ಅಂತ. ಸಾಮಾನ್ಯವಾಗಿ ಅದು ನಿಜ. ಇಲ್ಲದಾಗ ಲೆಕ್ಕ ದಾರಿ ತಪ್ಪುತ್ತದೆ. ನಿಮ್ಮ ತಂದೆಯ ರಕ್ತದಲ್ಲಿ ಎಂಎಂ 30, ಬಿಬಿ 66 ಇದೆ ಅಂದುಕೊಳ್ಳಿ. ಒಟ್ಟು 96. ಆ್ಯಂಟಿಬಾಡಿ 30ನ್ನು ಅಳಿಸಿತು, 66 ಉಳಿಯಿತು. ಗುಣಿಸಿದರೆ 132. ಒಂದು ಹನಿ ಎಂಬಿ ಇಲ್ಲದೆಯೂ ಈ ಸಂಖ್ಯೆ ಬರುತ್ತದೆ!

ಬಿಬಿ ಎಲ್ಲಿಂದ ಬರುತ್ತದೆ? ಹೆಚ್ಚಾಗಿ ಕಾಣುವುದು ಮ್ಯಾಕ್ರೋ ಸಿಕೆ. ಕೆಲವರ ದೇಹವೇ ಬಿಬಿಯ ವಿರುದ್ಧ ಆ್ಯಂಟಿಬಾಡಿ ಮಾಡಿಕೊಂಡಿರುತ್ತದೆ. ಅದು ಬಿಬಿಗೆ ಅಂಟಿದರೂ ಕೆಲಸ ನಿಲ್ಲಿಸುವುದಿಲ್ಲ, ಬದಲಿಗೆ ಗಂಟು ದೊಡ್ಡದಾಗಿ ರಕ್ತದಿಂದ ಬೇಗ ಹೊರಗೆ ಹೋಗುವುದಿಲ್ಲ. ಲ್ಯಾಬಿನ ಆ್ಯಂಟಿಬಾಡಿಯ ಲೆಕ್ಕವನ್ನು ರೋಗಿಯ ಆ್ಯಂಟಿಬಾಡಿ ಕೆಡಿಸುತ್ತದೆ, ತಮಾಷೆ ಅಲ್ವಾ? ಈ ಮೊದಲ ಬಗೆಯ ಮ್ಯಾಕ್ರೋ ಸಿಕೆ ಆಸ್ಪತ್ರೆಗೆ ಬರುವವರಲ್ಲಿ ನೂರಕ್ಕೆ ಒಬ್ಬಿಬ್ಬರಲ್ಲಿ ಸಿಗುತ್ತದೆ. ವಯಸ್ಸಾದವರಲ್ಲಿ ಜಾಸ್ತಿ. ಸಾಮಾನ್ಯವಾಗಿ ಅದರಿಂದ ತೊಂದರೆ ಇಲ್ಲ.

ಎರಡನೇ ಬಗೆಯದು ಮೈಟೋಕಾಂಡ್ರಿಯಾದ, ಅಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗದ ಸಿಕೆ. ಅದರಲ್ಲಿ ಎಂ ತುಂಡೇ ಇಲ್ಲ, ಹಾಗಾಗಿ ಆ್ಯಂಟಿಬಾಡಿಗೆ ಸಿಕ್ಕುವುದಿಲ್ಲ. ಇದು ತೀವ್ರ ಕಾಯಿಲೆಯಲ್ಲಿ, ಕೆಲವು ಕ್ಯಾನ್ಸರ್‌ಗಳಲ್ಲಿ, ಲಿವರ್ ಹಾಳಾದವರಲ್ಲಿ ಕಾಣಬಹುದು. ರೋಟಾವೈರಸ್ ಭೇದಿಯಾದ ಮಕ್ಕಳಲ್ಲೂ ನೋಡಿದ್ದಾರೆ. ಇಷ್ಟು ಓದಿ ಗಾಬರಿಯಾಗಬೇಡಿ, ಯಾವ ಬಗೆ ಅಂತ ಈ ರಿಪೋರ್ಟಿನಿಂದ ಹೇಳಲು ಬರುವುದಿಲ್ಲ.

ಇನ್ನೊಂದು ಸಾದಾ ಕಾರಣ, ರಕ್ತ ತೆಗೆಯುವಾಗ ಕೆಂಪು ಕಣ ಒಡೆಯುವುದು. ಕೆಂಪು ಕಣದೊಳಗೆ ಅಡಿನೈಲೇಟ್ ಕೈನೇಸ್ ಇದೆ, ಅದೂ ಎಡಿಪಿಯಿಂದ ಎಟಿಪಿ ಮಾಡುತ್ತದೆ. ಅದನ್ನು ತಡೆಯಲು ರಿಯೇಜೆಂಟಿನಲ್ಲಿ ಎಎಂಪಿ ಹಾಕಿರುತ್ತಾರೆ, ಆದರೂ ಸ್ವಲ್ಪ ನುಸುಳುತ್ತದೆ. ನುಸುಳಿದ್ದೂ ಎರಡರಿಂದ ಗುಣಿಸಲ್ಪಡುತ್ತದೆ. ಸ್ಯಾಂಪಲ್ ಕೆಂಪಾಗಿತ್ತೇ ಅಂತ ಲ್ಯಾಬಿನಲ್ಲಿ ಕೇಳಿ.

ಸರಿಯಾದ ದಾರಿ ಇದೆ: ಸಿಕೆ-ಎಂಬಿ ಮಾಸ್. ಇಲ್ಲಿ ಕಿಣ್ವದ ಕೆಲಸವನ್ನು ನೋಡುವುದಿಲ್ಲ, ಕಿಣ್ವವನ್ನೇ ಆ್ಯಂಟಿಬಾಡಿಯಿಂದ ಹಿಡಿದು ಎಷ್ಟಿದೆ ಅಂತ ನೋಡುತ್ತಾರೆ. ಯೂನಿಟ್ ನ್ಯಾನೋಗ್ರಾಂ. 1980ರ ದಶಕದಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾಕ್ ಲೇಡೆನ್ಸನ್ ಅವರ ತಂಡ ಒಂದು ಆ್ಯಂಟಿಬಾಡಿ ಮಾಡಿತು, ಹೆಸರು ಕೋನನ್. ಎಂ ಮತ್ತು ಬಿ ಜೊತೆಯಾಗಿದ್ದರೆ ಮಾತ್ರ ಅದು ಹಿಡಿಯುತ್ತದೆ. ಎಂಎಂ, ಬಿಬಿ ಎರಡೂ ಅದಕ್ಕೆ ಬೇಡ. ಇಂಥ ಆ್ಯಂಟಿಬಾಡಿ ಇದ್ದರೆ ಗುಣಿಸುವ ಗೊಡವೆಯೇ ಇಲ್ಲ.

ಹಾಗಾದರೆ ಹಳೆಯ ವಿಧಾನ ಯಾಕಿನ್ನೂ ಇದೆ? ಅಗ್ಗ. ಶುಗರ್, ಕ್ರಿಯಾಟಿನಿನ್ ಮಾಡುವ ಮಷೀನಿನಲ್ಲೇ ಆಗುತ್ತದೆ. ಮಾಸ್ ಪರೀಕ್ಷೆಗೆ ಬೇರೆ ಮಷೀನು, ಬೇರೆ ಕಿಟ್ ಬೇಕು. ನನ್ನನ್ನು ಕೇಳಿದರೆ, ಟ್ರೋಪೋನಿನ್ ಸಿಗುವ ಕಡೆ ಸಿಕೆ-ಎಂಬಿ ಬರೆಯುವುದನ್ನೇ ಬಿಡಬೇಕು. 2000ದಲ್ಲೇ ಯುರೋಪ್ ಮತ್ತು ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು ಟ್ರೋಪೋನಿನ್‌ಗೆ ಮೊದಲ ಸ್ಥಾನ ಕೊಟ್ಟಿವೆ. ಆದರೂ ‘ಕಾರ್ಡಿಯಾಕ್ ಎನ್‌ಜೈಮ್ಸ್’ ಅನ್ನುವ ಪ್ಯಾಕೇಜು ಹಾಗೇ ನಡೆಯುತ್ತಿದೆ. ಅದರಲ್ಲಿ ಟ್ರೋಪೋನಿನ್ನೂ ಇರುತ್ತದೆ, ಅದು ಕಿಣ್ವವೇ ಅಲ್ಲ!

ಈಗ ನೀವು ಮಾಡಬೇಕಾದ್ದು. ಹೃದಯದ ವಿಚಾರವನ್ನು ಇಸಿಜಿ, ಟ್ರೋಪೋನಿನ್ ನೋಡಿದ ಡಾಕ್ಟರಿಗೇ ಬಿಡಿ. ಎದೆನೋವು ಮತ್ತೆ ಬಂದರೆ ಈ ಉತ್ತರ ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಲ್ಯಾಬಿಗೆ ಫೋನ್ ಮಾಡಿ ಸಿಕೆ-ಎಂಬಿ ಮಾಸ್ ಮಾಡುತ್ತಾರಾ, ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್ ಅನ್ನುವ ರಾಸಾಯನಿಕ) ಹಾಕಿ ನೋಡುತ್ತಾರಾ ಅಂತ ಕೇಳಿ. ಪಿಇಜಿ ಹಾಕಿದರೆ ದೊಡ್ಡ ಗಂಟುಗಳು ಕೆಳಗೆ ಕೂರುತ್ತವೆ. ಮೇಲಿನ ತಿಳಿಯಲ್ಲಿ ಚಟುವಟಿಕೆ ಚೆನ್ನಾಗಿ ಇಳಿದರೆ ಮ್ಯಾಕ್ರೋ ಸಿಕೆ ಅಂತ ಅನುಮಾನ ಗಟ್ಟಿಯಾಗುತ್ತದೆ. ಯಾವ ಬಗೆ ಅಂತ ತಿಳಿಯಲು ಎಲೆಕ್ಟ್ರೋಫೊರೆಸಿಸ್, ಅಂದರೆ ವಿದ್ಯುತ್ ಹರಿಸಿ ಬೇರೆ ಬೇರೆ ಸಿಕೆಗಳನ್ನು ಬೇರ್ಪಡಿಸುವ ಪರೀಕ್ಷೆ, ಬೇಕು. ಮೊದಲ ಬಗೆ ಅಂತ ಗೊತ್ತಾದರೆ ಆ ರಿಪೋರ್ಟನ್ನು ತಂದೆಯ ಫೈಲಿನ ಮೇಲ್ಗಡೆಯೇ ಇಡಿ. ಅದು ವರ್ಷಗಟ್ಟಲೆ ಇರಬಹುದು, ಮುಂದಿನ ಸಲ ಬೇರೆ ಆಸ್ಪತ್ರೆಗೆ ಹೋದಾಗಲೂ ಇದೇ ಸಂಖ್ಯೆ ಬರಬಹುದು.