ಸರ್ಕಾರಿ ಕಟ್ಟಡದ ಟೆಂಡರ್‌ನಲ್ಲಿ ‘ಸೋಷಿಯಲ್ ವ್ಯಾಲ್ಯೂ’ ಅಂದ್ರೆ ಏನು? ಬ್ರಿಟನ್‌ನಲ್ಲಿ ಅದು ಹೇಗೆ ನಡೆಯುತ್ತದೆ?

ಶಾಲೆ, ಆಸ್ಪತ್ರೆ ಕಟ್ಟಲು ಸರ್ಕಾರ ಹೇಗೂ ದುಡ್ಡು ಸುರಿಯುತ್ತದೆ ಅಲ್ವಾ? ಅದೇ ದುಡ್ಡಿನಲ್ಲಿ ಸುತ್ತಲಿನವರಿಗೆ ಕೆಲಸ, ತರಬೇತಿ, ಸಣ್ಣ ಗುತ್ತಿಗೆದಾರರಿಗೆ ಅವಕಾಶವೂ ಸಿಗಲಿ ಅನ್ನುವುದೇ ಸೋಷಿಯಲ್ ವ್ಯಾಲ್ಯೂ.

ಇದಕ್ಕೆಂದೇ 2012ರಲ್ಲಿ ಬ್ರಿಟನ್‌ನಲ್ಲಿ ಕಾಯ್ದೆ ಬಂತು. ತಮಾಷೆ ನೋಡಿ, ಅದು ಸೇವೆಗಳ ಗುತ್ತಿಗೆಗೆ ಮಾತ್ರ. ಬರೀ ಕಟ್ಟಡ ಕಾಮಗಾರಿ ಅದರೊಳಗೆ ಬರುವುದೇ ಇಲ್ಲ! ಬಿಲ್ಡರ್‌ಗಳಿಗೆ ನಿಜವಾಗಿ ಬಿಸಿ ಮುಟ್ಟಿದ್ದು 2021ರಿಂದ. ಅಲ್ಲಿನ ಕೇಂದ್ರ ಸರ್ಕಾರದ ದೊಡ್ಡ ಟೆಂಡರ್‌ಗಳಲ್ಲಿ, ಯಾರಿಗೆ ಗುತ್ತಿಗೆ ಅಂತ ತೀರ್ಮಾನಿಸಲು ಕೊಡುವ ಒಟ್ಟು ಅಂಕದ ಕನಿಷ್ಠ 10% ಸೋಷಿಯಲ್ ವ್ಯಾಲ್ಯೂಗೆ ಇಡಬೇಕಾಯಿತು.

ಎಡವಟ್ಟಾಗುವುದು ಟೆಂಡರ್ ಗೆದ್ದ ಮೇಲೆ. ಸುಮ್ನೆ “ಸ್ಥಳೀಯರಿಗೆ ನೆರವಾಗುತ್ತೇವೆ” ಅಂತ ಬರೆದರೆ ಆಮೇಲೆ ಯಾರನ್ನು ಏನಂತ ಕೇಳುವುದು? ಎಷ್ಟು ಅಪ್ರೆಂಟಿಸ್‌ಗಳು, ಯಾವ ಕಸುಬು, ಎಷ್ಟು ವಾರ ಅಂತ ಒಪ್ಪಂದದಲ್ಲೇ ಇರಬೇಕು. ಅಷ್ಟಿದ್ದರೂ ಒಂದು ತೊಡಕಿದೆ. ಒಂದು ಸೈಟಿನ ಇಟ್ಟಿಗೆ ಕೆಲಸ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ, ಕಲಿಯುವ ಹುಡುಗನ ತರಬೇತಿ ಮುಗಿದಿರುವುದಿಲ್ಲ. ಅವನು ಅರ್ಧಕ್ಕೇ ಮನೆಗೆ! ಅದಕ್ಕೇ ಹಲವು ಕಾಮಗಾರಿಗಳನ್ನು ಸಾಲಾಗಿ ಕೊಡುವ ಫ್ರೇಮ್‌ವರ್ಕ್ ಒಪ್ಪಂದವೇ ನನಗೆ ಜಾಸ್ತಿ ಸರಿ ಅನಿಸುತ್ತದೆ. ಹುಡುಗ ಒಂದು ಸೈಟಿನಿಂದ ಇನ್ನೊಂದಕ್ಕೆ ಹೋಗಿ ಕಲಿಕೆ ಮುಗಿಸಬಹುದು.